ಶನಿವಾರದ ಚೀಟಿ

ಕಳೆದ ವಾರ ತೀರ್ಥಹಳ್ಳಿಯ ಒಂದು ಅಂಗಡಿಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಶೀಟು ಕೊಳ್ಳುತ್ತಿದ್ದೆ. ಶಾಲೆಯ ಹೆಸರಿಗೆ ಬಿಲ್ ಬೇಕು ಎಂದಾಗ, ಕಂಪ್ಯೂಟರ್ ಕೆಟ್ಟಿದೆ ಎಂದು ಗೊಣಗುತ್ತ ಅಂಗಡಿಯವರು ಹಳೆಯ ಬಿಲ್ ಪುಸ್ತಕ ತೆಗೆದು ಹಾಳೆಗಳ ನಡುವೆ ನೀಲಿ ಕಾರ್ಬನ್ ಪೇಪರ್ ಸೇರಿಸಿದರು. ಮೇಣವೂ ಶಾಯಿಯೂ ಬೆರೆತಂಥ ಆ ವಾಸನೆ ಮೂಗಿಗೆ ಬಂದದ್ದೇ ತಡ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮೊದಲು ಬಂದದ್ದು ಹೆದರಿಕೆ. ನಾಲ್ಕನೇ ಕ್ಲಾಸಿನ ನಮ್ಮ ಟೀಚರ್ ಆಮೇಲೆ ನೆನಪಾದರು.

ನಮ್ಮೂರು ಹೊಸನಗರಕ್ಕೆ ಹತ್ತಿರ. ಅಲ್ಲಿಯ ಸರ್ಕಾರಿ ಶಾಲೆಗೆ ಅವರು ಸಾಗರದಿಂದ ವರ್ಗವಾಗಿ ಬಂದಿದ್ದರು. ಶಾಲೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಕುಳ್ಳಗಿನ ಹೆಂಗಸು, ಮಾತು ಮೆಲ್ಲಗೆ, ನಡಿಗೆ ಮಾತ್ರ ಜೋರು. ಪ್ರತಿ ಶನಿವಾರ ಬೆಳಿಗ್ಗೆ ನಮಗೆ ಚಿತ್ರ ಬಿಡಿಸಲು ಹೇಳಿ, ತಾವು ಮೇಜಿನ ಮುಂದೆ ಕೂತು ಚೀಟಿ ಬರೆಯುತ್ತಿದ್ದರು. ಕಾರ್ಬನ್ ಇಟ್ಟು ಒಮ್ಮೆಗೆ ಮೂರು ಪ್ರತಿ. ಮುಂದಿನ ವಾರ ಯಾವ ದಿನ ಯಾವ ಟೆಸ್ಟ್, ಮಕ್ಕಳು ಏನು ಮಾಡಿಕೊಂಡು ಬರಬೇಕು, ಎಲ್ಲ ಅದರಲ್ಲಿ ಇರುತ್ತಿತ್ತು. ಸೋಮವಾರ ಗುಣಾಕಾರದ ಟೆಸ್ಟ್. ಬುಧವಾರಕ್ಕೆ ಐದು ಬಗೆಯ ಬೀಜ ಕಳಿಸಿ. ಶುಕ್ರವಾರ ಹಕ್ಕಿಗಳ ಚಾರ್ಟ್. ಮಂಡಗದ್ದೆ ಪಕ್ಷಿಧಾಮದ ಹಕ್ಕಿ ನೋಡಿದವರಿದ್ದರೆ ಮಗುವಿಗೆ ಹೇಳಿಕೊಡಿ. ಬರೆದು ಮುಗಿಯುವ ಹೊತ್ತಿಗೆ ಅವರ ಬೆರಳ ತುದಿಗಳೆಲ್ಲ ನೀಲಿ.

ಅದಕ್ಕೆ ಮುಂಚೆ ನಮ್ಮೂರಿನಲ್ಲಿ ಯಾರೂ ಹೀಗೆ ಮಾಡಿದವರಿಲ್ಲ. ಶಾಲೆಯೊಳಗೆ ಏನು ನಡೆಯುತ್ತದೆ ಎಂದು ಮನೆಯವರಿಗೆ ತಿಳಿಯುತ್ತಿದ್ದುದು ವರ್ಷಕ್ಕೊಮ್ಮೆ, ಪಾಸೋ ನಪಾಸೋ ಎಂದು ಹೇಳುವಾಗ. ಓದಲು ಬಾರದ ತಾಯಂದಿರಿಗೆ ಟೀಚರ್ ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಹತ್ತಿರವೋ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲೋ ಸಿಕ್ಕಾಗ ಬಾಯಲ್ಲೇ ಹೇಳುತ್ತಿದ್ದರು. ಮನೆಯವರಿಗೆ ಗೊತ್ತಿದ್ದರೆ ಮಗು ಒಂಟಿಯಾಗುವುದಿಲ್ಲ ಎಂಬುದು ಅವರ ನಂಬಿಕೆ. ಊರಿನವರಿಗೆಲ್ಲ ಅವರ ಮೇಲೆ ಗೌರವ.

ನನಗೆ ಆ ಚೀಟಿ ಎಂದರೆ ಹೆದರಿಕೆ.

ಅಪ್ಪ ಸಾಗರ–ತೀರ್ಥಹಳ್ಳಿ ನಡುವೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬಸ್ಸಿನಲ್ಲಿ ಅವರು ಎಲ್ಲರಿಗೂ ಬೇಕಾದವರು. ಮುದುಕಿಯರ ಚೀಲ ತಾವೇ ಇಳಿಸಿಕೊಡುತ್ತಿದ್ದರು, ಸಿಗಂದೂರಿಗೆ ಹೋಗುವವರಿಗೆ ಎಲ್ಲಿ ಇಳಿಯಬೇಕೆಂದು ಎರಡೆರಡು ಸಲ ಹೇಳುತ್ತಿದ್ದರು. ಮನೆಗೆ ಬಂದರೆ ಬೇರೆಯೇ ಮನುಷ್ಯ. ಅವರು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂರು ಸಲ ಕೂತು ಮೂರು ಸಲವೂ ಫೇಲಾಗಿದ್ದರಂತೆ. ತಮ್ಮ ಹಾಗೆ ಮಗಳೂ ಜನ್ಮವಿಡೀ ನಿಂತೇ ದುಡಿಯಬಾರದು ಎಂಬ ಭಯ ಅವರಿಗೆ. ಆ ಭಯ ನನ್ನ ಕಾಲಿನ ಮೇಲೆ ಇಳಿಯುತ್ತಿತ್ತು. ಸಂಜೆ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಮಗ್ಗಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಶನಿವಾರ ಅವರು ಮೊದಲು ಕೇಳುತ್ತಿದ್ದುದು ಚೀಟಿ. ಓದಿ, ಗೋಡೆಗೆ ಒರಗಿ ಕೂತು ಮಗ್ಗಿ ಕೇಳುತ್ತಿದ್ದರು. ತಪ್ಪಿದರೆ ಟಿಕೆಟ್ ಚೀಲದ ಚರ್ಮದ ಪಟ್ಟಿ. ಗೊತ್ತಿದ್ದ ಮಗ್ಗಿಯೂ ಆ ಪಟ್ಟಿ ನೋಡಿದ ಕೂಡಲೇ ಮರೆತುಹೋಗುತ್ತಿತ್ತು. ಅಮ್ಮ ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚುತ್ತ, ಅಪ್ಪಂಗೆ ಸಿಟ್ಟು ಬರೋ ಹಾಗೆ ಎಂತಕ್ಕೆ ಮಾಡ್ತೀಯ ಎಂದು ನನ್ನನ್ನೇ ಕೇಳುತ್ತಿದ್ದಳು.

ಒಂದು ಶನಿವಾರ ಚೀಟಿಯಲ್ಲಿ ಭಾಗಾಕಾರದ ಟೆಸ್ಟ್ ಎಂದಿತ್ತು. ನನಗೆ ಭಾಗಾಕಾರ ಒಂದಿಷ್ಟೂ ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಟ್ಯಾಂಕಿನ ಹಿಂದೆ ಹೋಗಿ ನಿಂತೆ. ಹರಿದು ಬಿಸಾಡಿದರೆ ಯಾರಾದರೂ ಚೂರು ಜೋಡಿಸಿ ಓದಿಯಾರು ಎಂದು ಹೆದರಿಕೆ. ಚೀಟಿಯನ್ನು ಬಾಯಿಗೆ ಹಾಕಿಕೊಂಡು ಅಗಿದು ನುಂಗಿಬಿಟ್ಟೆ. ಕಹಿ. ಗಂಟಲಿನಲ್ಲಿ ಸಿಕ್ಕಿಕೊಂಡು ಕೆಮ್ಮು ಬಂತು. ಕೆಮ್ಮು ಕೇಳಿ ಟೀಚರ್ ತಮ್ಮ ಕೋಣೆಯಿಂದ ಓಡಿ ಬಂದರು. ಬೆನ್ನು ತಟ್ಟಿ ಬಾಯಿ ತೆರೆಸಿ ನೋಡಿದರೆ ನನ್ನ ನಾಲಿಗೆ ನೀಲಿಯಾಗಿತ್ತು.

ಅವರು ನೀರು ಕುಡಿಸಿದರು. ನಾನು ಬಗ್ಗಿ ಬಾಯಿ ಮುಕ್ಕಳಿಸುವಾಗ ಲಂಗ ಮೇಲೆ ಸರಿದಿರಬೇಕು. ಮೊಣಕಾಲಿನ ಹಿಂದಿನ ಬಾಸುಂಡೆಗಳನ್ನು ಕಂಡರು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಮೆಲ್ಲಗೆ ಕೇಳಿದರು.

"ನಾನು ಬರೆದಿದ್ದಕ್ಕಾ ಪುಟ್ಟಿ?"

ನಾನು ಲಂಗ ಕೆಳಗೆ ಎಳೆದುಕೊಂಡೆ.

ಅವರು ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ಮನೆಗೆ ಬಂದು ಅಮ್ಮನ ಜೊತೆ ಮಾತಾಡಿದರು. ಅವರ ಹತ್ರ ಮಾತ್ರ ಹೇಳಕ್ಕೆ ಹೋಗ್ಬೇಡಿ ಟೀಚರ್ ಎಂದು ಅಮ್ಮ ಕೈ ಮುಗಿದಳು. ಆದರೂ ಟೀಚರ್ ಸಾಗರಕ್ಕೆ ಹೋಗುವಾಗ ಬಸ್ಸಿನಲ್ಲಿ ಅಪ್ಪನಿಗೆ ನಯವಾಗಿಯೇ ಹೇಳಿದರಂತೆ, ಹುಡುಗಿ ಹೆದರಿಕೆಗೇ ತಪ್ಪು ಮಾಡುತ್ತಾಳೆ ಎಂದು. ಅಪ್ಪ ಪ್ರಯಾಣಿಕರ ಮುಂದೆ ನಕ್ಕು, ಹೊಡೀದೆ ಯಾವ ಮಗು ಕಲ್ತಿದೆ ಮೇಡಂ ಎಂದರಂತೆ. ಆ ಸಂಜೆ ನನಗೆ ಬಿದ್ದಷ್ಟು ಏಟು ಹಿಂದೆಂದೂ ಬಿದ್ದಿರಲಿಲ್ಲ. ಶಾಲೆಯಲ್ಲಿ ಹೇಳಿಕೊಂಡೆ ಎಂಬುದಕ್ಕೆ ಅದು.

ಮುಂದಿನ ಶನಿವಾರ ಎಲ್ಲರಿಗೂ ಚೀಟಿ ಹಂಚಿದ ಮೇಲೆ ಟೀಚರ್ ನನಗೆ ಬೇರೆಯೇ ಒಂದನ್ನು ಕೊಟ್ಟರು. ಅದರಲ್ಲಿ ಟೆಸ್ಟಿನ ಸುದ್ದಿಯೇ ಇರಲಿಲ್ಲ. ಬೀಜ ಕಳಿಸಿ, ಮಣ್ಣಿನಲ್ಲಿ ಬಾವಿಯ ಮಾದರಿ ಮಾಡಲು ಸಹಾಯ ಮಾಡಿ, ಇಷ್ಟೇ. ಟೆಸ್ಟ್ ಮುಗಿದು ನನಗೆ ಒಳ್ಳೆಯ ಅಂಕ ಬಂದರೆ ಮಾತ್ರ ಅದನ್ನು ಬರೆಯುತ್ತಿದ್ದರು. ಮನೆಯವರಿಗೆ ಎಲ್ಲ ಗೊತ್ತಿರಬೇಕು ಎಂದು ಹಟ ಹಿಡಿದಿದ್ದ ಟೀಚರ್, ಒಂದು ಮನೆಗೆ ಮಾತ್ರ ಸುಳ್ಳು ಚೀಟಿ ಬರೆಯಲು ಶುರುಮಾಡಿದರು. ಮಧ್ಯಾಹ್ನ ಊಟ ಆದ ಮೇಲೆ ನನ್ನನ್ನು ಕೂರಿಸಿಕೊಂಡು ಹುಣಸೆ ಬೀಜಗಳನ್ನು ಗುಂಪು ಮಾಡಿಸಿ ಭಾಗಾಕಾರ ಕಲಿಸಿದರು.

ಎರಡು ತಿಂಗಳು ಏಟಿಲ್ಲದೆ ಕಳೆಯಿತು. ಆದರೆ ಹೆದರಿಕೆ ಕಡಿಮೆಯಾಗಲಿಲ್ಲ, ದೊಡ್ಡದಾಯಿತು. ಮೊದಲು ಶನಿವಾರಕ್ಕೆ ಹೆದರುತ್ತಿದ್ದವಳು ಈಗ ವಾರವಿಡೀ ಹೆದರುತ್ತಿದ್ದೆ. ಅಪ್ಪ ಊರಿನವರ ಜೊತೆ ನಿಂತು ಮಾತಾಡಿದರೆ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಅಂದುಕೊಂಡಂತೆಯೇ ಆಯಿತು. ನನ್ನ ಕ್ಲಾಸಿನ ಹುಡುಗಿಯೊಬ್ಬಳ ತಂದೆ ಬಸ್ಸಿನಲ್ಲಿ ಅಪ್ಪನನ್ನು, ಸೋಮವಾರ ಟೆಸ್ಟ್ ಅಲ್ವಾ, ನಿಮ್ಮ ಮಗಳು ಓದ್ಕೊಂಡ್ಲಾ ಎಂದು ಕೇಳಿದರು. ಯಾವ ಟೆಸ್ಟ್ ಎಂದದ್ದಕ್ಕೆ ಜೇಬಿನಿಂದ ಚೀಟಿ ತೆಗೆದು ತೋರಿಸಿದರು. ಅಪ್ಪ ಅದನ್ನು ಕೇಳಿ ಇಸಿದುಕೊಂಡು ಬಂದರು.

ಆ ಸಂಜೆ ಅವರು ನನ್ನನ್ನು ಹೊಡೆಯಲಿಲ್ಲ. ಎರಡು ಚೀಟಿಗಳನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟು ಅದರ ಮುಂದೆ ನನ್ನನ್ನು ಕೂರಿಸಿದರು. ಟಿಕೆಟ್ ಚೀಲ ಇನ್ನೂ ಹೆಗಲ ಮೇಲೇ ಇತ್ತು.

"ಎರಡೂ ಒಬ್ಬರದ್ದೇ ಅಕ್ಷರ. ಹೌದಾ?" ಎಂದರು.

ನಾನು ತಲೆಯಾಡಿಸಿದೆ. ಅವರು ಇನ್ನೇನೂ ಕೇಳದೆ ಎದ್ದು ಕೈಕಾಲು ತೊಳೆದರು, ಊಟ ಮಾಡಿದರು. ಹೊಡೆದಿದ್ದರೆ ಅಂದೇ ಮುಗಿಯುತ್ತಿತ್ತು. ಆ ಮೌನದ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ.

ಸೋಮವಾರ ಅಪ್ಪ ಖಾಕಿ ಬಟ್ಟೆಯಲ್ಲೇ ಶಾಲೆಗೆ ಬಂದರು. ಹೆಡ್‌ಮಾಸ್ಟರ ಕೋಣೆಯಲ್ಲಿ ಶಾಲಾ ಸಮಿತಿಯ ಇಬ್ಬರು ಕೂತಿದ್ದರು. ಟೀಚರಿಗೆ ಕುರ್ಚಿ ಕೊಟ್ಟಿರಲಿಲ್ಲ. ಕಿಟಕಿಯ ಪಕ್ಕ ನಿಂತಿದ್ದರು. ಮಗಳ ವಿಷಯ ಮುಚ್ಚಿಟ್ಟು ತನ್ನನ್ನು ಮೂರ್ಖನನ್ನಾಗಿ ಮಾಡಿದ್ದಾರೆ ಎಂಬುದು ಅಪ್ಪನ ದೂರು. ಎಂತಕ್ಕೆ ಹೀಗೆ ಮಾಡಿದ್ರಿ ಎಂದು ಹೆಡ್‌ಮಾಸ್ಟರು ಕೇಳಿದಾಗ ಟೀಚರ್, ಮಗುವಿಗೆ ಮನೆಯಲ್ಲಿ ಏಟು ಬೀಳುತ್ತಿತ್ತು ಎಂದಷ್ಟೇ ಹೇಳಿದರು. ನನ್ನನ್ನು ಒಳಗೆ ಕರೆಸಿದರು. ಹೆಡ್‌ಮಾಸ್ಟರು ಒಳ್ಳೆಯವರೇ. ಹೆದರಬೇಡ, ನಿಜ ಹೇಳು, ಅಪ್ಪ ಹೊಡೀತಾರಾ ಎಂದು ಮೆತ್ತಗೆ ಕೇಳಿದರು.

ಅಪ್ಪ ನನ್ನ ಕಡೆ ನೋಡುತ್ತಿದ್ದರು. ಟೀಚರ್ ನನ್ನ ಕಡೆ ನೋಡದೆ ಕಿಟಕಿಯ ಆಚೆ ನೋಡುತ್ತಿದ್ದರು. ನಾನು ಹೌದು ಎಂದಿದ್ದರೆ ಸಾಕಿತ್ತು.

"ಅಪ್ಪ ಹೊಡೆಯಲ್ಲ" ಎಂದೆ.

ಸಮಿತಿಯವರೊಬ್ಬರು ಟೀಚರ ಮುಖ ನೋಡಿದರು, ಈಗೇನು ಹೇಳುತ್ತೀರಿ ಎಂಬಂತೆ. ಲಂಗ ಸ್ವಲ್ಪ ಎತ್ತಿ ತೋರಿಸು ಎಂದು ಟೀಚರ್ ನನಗೆ ಹೇಳಬಹುದಿತ್ತು. ಹಳೆಯ ಗುರುತುಗಳು ಇನ್ನೂ ಇದ್ದವು. ಅವರು ಹೇಳಲಿಲ್ಲ.

"ಅವಳನ್ನ ಇನ್ನೇನೂ ಕೇಳ್ಬೇಡಿ. ಬರೆದಿದ್ದು ನಾನು, ತಪ್ಪು ನಂದು" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿದರು. ಧ್ವನಿ ಏರಲಿಲ್ಲ. "ಇನ್ನು ನಿಮಗೆ ಎಲ್ಲರ ಹಾಗೆ ಸರಿಯಾದ ಚೀಟಿನೇ ಬರುತ್ತೆ. ಪ್ರತಿ ಸೋಮವಾರ ನಾನು ಅವಳ ಕಾಲು ನೋಡ್ತೀನಿ. ಒಂದು ಹೊಸ ಗೆರೆ ಕಂಡ್ರೂ ನಿಮ್ಮ ಬಸ್ ಹತ್ತಿ ಎಲ್ಲರ ಮುಂದೆ ಕೇಳ್ತೀನಿ."

ಅಪ್ಪನ ಕಿವಿ ಕೆಂಪಾದದ್ದನ್ನು ನಾನು ಕಂಡೆ. ನನಗಿಂತ ಹೆಚ್ಚಾಗಿ ಅವರು ಆ ಹೊತ್ತು ಹೆದರಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ತಿಳಿಯುವ ವಯಸ್ಸಲ್ಲ.

ಟೀಚರ್ ಹೇಳಿದ ಹಾಗೆಯೇ ಮಾಡಿದರು. ಪರೀಕ್ಷೆಯ ತಿಂಗಳವರೆಗೂ ಪ್ರತಿ ಸೋಮವಾರ ಟ್ಯಾಂಕಿನ ಹಿಂದೆ ನನ್ನನ್ನು ಕರೆದು ನೋಡಿದರು. ಹೊಸ ಗೆರೆ ಇರಲಿಲ್ಲ. ನಾನು ಹೇಳಿದ ಸುಳ್ಳಿನ ಬಗ್ಗೆ ಅವರು ಒಂದು ದಿನವೂ ಮಾತೆತ್ತಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಇನ್ನೂ ಚೆನ್ನಾಗಿತ್ತು...

ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಅವರಿರಲಿಲ್ಲ. ಪೋಷಕರಿಗೆ ಸುಳ್ಳು ಮಾಹಿತಿ ಕೊಟ್ಟರು ಎಂದು ಕಾಗದ ಮೇಲಕ್ಕೆ ಹೋಗಿ, ಅವರನ್ನು ಶರಾವತಿ ಹಿನ್ನೀರಿನ ಆಚೆಯ ಶಾಲೆಗೆ ಹಾಕಿದರು. ಲಾಂಚಿನಲ್ಲಿ ನೀರು ದಾಟಿ ಹೋಗಬೇಕಾದ ಊರು. ಅವರ ಜಾಗಕ್ಕೆ ಬಂದ ಮೇಷ್ಟ್ರು ಚೀಟಿ ಬರೆಯುತ್ತಿರಲಿಲ್ಲ. ಅಪ್ಪ ಆಮೇಲೆ ಎರಡು ಸಲ ಪಟ್ಟಿ ಎತ್ತಿದ್ದರು. ಎರಡು ಸಲವೂ ಅರ್ಧಕ್ಕೆ ಕೈ ಇಳಿಸಿದರು. ಆ ವಿಷಯವನ್ನು ಅವರು ಸಾಯುವ ತನಕ ನಾವಿಬ್ಬರೂ ಎತ್ತಲಿಲ್ಲ.

ನಾನೂ ಟೀಚರ್ ಆದೆ. ಕೆಲಸಕ್ಕೆ ಸೇರಿದ ವರ್ಷ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಟೀಚರನ್ನು ಒಮ್ಮೆ ಕಂಡೆ. ಕೂದಲು ಬೆಳ್ಳಗಾಗಿತ್ತು, ಹೆಗಲಲ್ಲಿ ಒಂದು ಬಟ್ಟೆ ಚೀಲ. ಹತ್ತು ಹೆಜ್ಜೆ ನಡೆದರೆ ಕಾಲು ಮುಟ್ಟಬಹುದಿತ್ತು. ನಾನು ಹಣ್ಣಿನ ಗಾಡಿಯ ಹಿಂದೆ ಸರಿದು, ಅವರು ಬಸ್ ಹತ್ತುವವರೆಗೂ ಅಲ್ಲೇ ನಿಂತೆ. ಅವರು ನನ್ನನ್ನು ಗುರುತು ಹಿಡಿದು ನಕ್ಕುಬಿಟ್ಟರೆ ಏನು ಮಾಡಲಿ ಎಂದು ಹೆದರಿಕೆಯಾಯಿತು. ಮುಂದಿನ ವರ್ಷ ಹೋಗಿ ಮಾತಾಡಿಸೋಣ, ರಜೆಯಲ್ಲಿ ಹೋಗೋಣ ಎಂದುಕೊಳ್ಳುತ್ತ ದಿನ ದೂಡಿದೆ. ಮೂರು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು. ಗೊತ್ತಾಗುವ ಹೊತ್ತಿಗೆ ಹದಿಮೂರನೇ ದಿನವೂ ಕಳೆದಿತ್ತು.

ಈಗ ಚೀಟಿ ಬರೆಯುವ ಕೆಲಸವಿಲ್ಲ. ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಮುಂದಿನ ವಾರದ ಟೆಸ್ಟು, ಪ್ರಾಜೆಕ್ಟು ಎಲ್ಲ ಒಂದೇ ಸಲ ಹೋಗುತ್ತದೆ. ಅಂಗಡಿಯಿಂದ ಡ್ರಾಯಿಂಗ್ ಶೀಟು ತಂದ ದಿನ ಸಂಜೆಯೂ ಹಾಗೆಯೇ ಕಳಿಸಿದೆ. ಐದು ನಿಮಿಷದಲ್ಲಿ ಒಬ್ಬ ಹುಡುಗಿಯ ತಾಯಿ ಫೋನ್ ಮಾಡಿದಳು. ಪಿಸುಮಾತು.

"ಟೀಚರ್, ಟೆಸ್ಟ್ ಅಂತ ಹಾಕಿದ್ದನ್ನ ಅಳಿಸ್ತೀರಾ? ಇವರು ಇನ್ನೂ ಫೋನ್ ನೋಡಿಲ್ಲ."

ನೋಡಿದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಅಳಿಸಿದೆ. ಉಳಿದವರು ಒಬ್ಬೊಬ್ಬರಾಗಿ, ಏನು ಅಳಿಸಿದ್ರಿ ಮೇಡಂ ಎಂದು ಕೇಳತೊಡಗಿದರು. ಫೋನ್ ಮಗುಚಿ ಮೇಜಿನ ಮೇಲೆ ಇಟ್ಟೆ. ಇಂಥದ್ದನ್ನು ಕೇಳಬಹುದಾದವರು ನನಗೆ ಒಬ್ಬರೇ ಇದ್ದರು. ಅವರನ್ನು ನಾನು ಒಂದು ಮಾತಿಗೆ ಹೆದರಿ ಕಳೆದುಕೊಂಡೆ, ಆಮೇಲೆ ಇನ್ನೊಂದು ಮಾತಿಗೆ ಹೆದರಿ ಮತ್ತೆ ಕಳೆದುಕೊಂಡೆ.

ಮರುದಿನ ಭಾನುವಾರ ಬೆಳಿಗ್ಗೆ ಆ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ಗೇಟಿನ ಹತ್ತಿರ ನಿಂತೆ. ವಾಪಸು ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತೆರೆದು ಅವಳ ತಂದೆ ಹೊರಗೆ ಬಂದರು, ಯಾರು ಬೇಕಿತ್ತು ಎಂದು ಕೇಳಿದರು.

ಗೇಟು ತೆರೆದು ಒಳಗೆ ಹೋದೆ.

"ನಾನು ನಿಮ್ಮ ಮಗಳ ಟೀಚರ್. ನಿಮ್ಮ ಹತ್ರನೇ ಮಾತಾಡ್ಬೇಕಿತ್ತು."