ನಿಂಗತ್ತಿಯ ಝಡತಿ

ನಿಂಗತ್ತಿಯ ಕಂಬಳಿಯ ಮೇಲೆ ಕೂರಬೇಕಾದ ಗಂಡಸು ಮೊದಲು ಎರಡೂ ಕೈ ಮೇಲೆತ್ತಿ ನಿಲ್ಲಬೇಕಿತ್ತು. ಆಕೆ ಅವನ ರುಮಾಲು ಬಿಚ್ಚಿಸಿ ಝಾಡಿಸುತ್ತಿದ್ದಳು, ಸೊಂಟದ ಸುತ್ತ ಕೈಯಾಡಿಸುತ್ತಿದ್ದಳು, ಅನುಮಾನ ಬಂದರೆ ಧೋತರದ ಕಚ್ಚೆಯನ್ನೂ ಎಳೆದು ನೋಡುತ್ತಿದ್ದಳು. ಊರಗೌಡನೂ ಈ ಮರ್ಯಾದೆಯಿಂದ ತಪ್ಪಿಸಿಕೊಂಡವನಲ್ಲ. ನಮ್ಮ ಕುರುಬರಲ್ಲಿ ಕಂಬಳಿ ಎಂದರೆ ದೇವರ ಗದ್ದುಗೆ. ಜಗಳ ಹರಿಯಬೇಕಾದರೆ ಅದನ್ನು ಹಾಸಿ, ನಡುವೆ ಭಂಡಾರ, ಅಂದರೆ ದೇವರ ಅರಿಸಿನ, ಇಟ್ಟು, ಎರಡೂ ಕಡೆಯವರು ಕೂತು ಮಾತಾಡಬೇಕು. ಅದರ ಮೇಲೆ ಸುಳ್ಳು ಆಡಬಾರದು, ಕಬ್ಬಿಣ ತರಬಾರದು. ಈ ರೂಢಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದವರನ್ನು ನಂಬದೆ ಮುಟ್ಟಿ ನೋಡುತ್ತಿದ್ದವಳು ನಿಂಗತ್ತಿ ಒಬ್ಬಳೇ. ಊರವರು ಇದಕ್ಕೆ ನಿಂಗತ್ತಿಯ ಝಡತಿ ಎಂದು ಹೆಸರಿಟ್ಟಿದ್ದರು.

“ಬಾಯಿ ಸುಳ್ಳ ಹೇಳ್ತದ, ಸ್ವಂಟ ಹೇಳಂಗಿಲ್ಲ” ಎನ್ನುತ್ತಿದ್ದಳು.

ಆ ಮಾತು ಆಕೆಗೆ ಪುಕ್ಕಟೆ ಸಿಕ್ಕಿದ್ದಲ್ಲ. ಕುರಿ ಜೋಳದ ಹೊಲಕ್ಕೆ ನುಗ್ಗಿದವೆಂದು ಎದ್ದ ಜಗಳದಲ್ಲಿ ಆಕೆಯ ಗಂಡ ರಾಜಿಗೆ ಕೂತಿದ್ದ. ಎದುರಿನವನು ಧೋತರದೊಳಗೆ ಕುಡುಗೋಲು ಇಟ್ಟುಕೊಂಡು ಬಂದಿದ್ದ. ಮಾತು ಮುಗಿದು, ಎಲೆ ಅಡಿಕೆ ಹಂಚುವ ಹೊತ್ತಿಗೆ ಅದನ್ನು ಹೊರಗೆ ತೆಗೆದು ಗಂಡನ ಕುತ್ತಿಗೆಗೆ ಹಾಕಿದ. ರಕ್ತ ಹೀರಿದ ಕಂಬಳಿಯನ್ನು ನಿಂಗತ್ತಿ ಹಳ್ಳದಲ್ಲಿ ತಾನೇ ಒಗೆದಳಂತೆ. ಅಂದಿನಿಂದ ಯಾರ ನ್ಯಾಯಕ್ಕೆ ಕಂಬಳಿ ಹಾಸಿದರೂ ಆಕೆ ಕರೆಯದೆಯೇ ಹೋಗಿ ಅಂಚಿನಲ್ಲಿ ನಿಲ್ಲುತ್ತಿದ್ದಳು.

ಆಕೆ ನನ್ನ ಗಂಡನ ಸೋದರತ್ತೆ. ಗೋಗಿಯ ಹತ್ತಿರದ ನಮ್ಮೂರಿಗೆ ನಾನು ಸೊಸೆಯಾಗಿ ಬಂದಾಗ ನನಗೆ ಸಿಕ್ಕ ಮೊದಲ ಬೈಗುಳ ಆಕೆಯದೇ. ನನ್ನ ರೊಟ್ಟಿ ನೋಡಿ, ಇದನ್ನು ಕುರಿಗೆ ಹಾಕಿದರೆ ಕುರಿ ಪೊಲೀಸ್ ಪಾಟೀಲನ ಹತ್ತಿರ ಫಿರ್ಯಾದು ಕೊಡುತ್ತದೆ ಎಂದಿದ್ದಳು. ಶಾಂತಮೂರ್ತಿ ಎನ್ನುವ ಹಾಗಿನ ಹೆಂಗಸು ಆಕೆಯಲ್ಲವೇ ಅಲ್ಲ. ಕೈಯಲ್ಲಿ ಸದಾ ಕುರಿ ಕಾಯುವ ಬಡಿಗೆ, ಬಾಯಲ್ಲಿ ಕೇಳಲಾಗದ ಬೈಗುಳ. ಜಗಳ ಬಿಡಿಸಲು ಹೋದವಳು ಎರಡೂ ಕಡೆಯವರಿಗೆ ನಾಲ್ಕು ಬಾರಿಸಿಯೇ ಮಾತು ಶುರುಮಾಡುತ್ತಿದ್ದಳು. ನನಗೆ ಆಕೆಯೆಂದರೆ ಅಂಜಿಕೆ, ಅದಕ್ಕಿಂತ ಹೆಚ್ಚು ಪ್ರೀತಿ.

ಸಂಸ್ಥಾನ ಭಾರತಕ್ಕೆ ಸೇರುವ ಮುಂಚಿನ ತಿಂಗಳುಗಳು ನಮ್ಮ ಕಡೆ ಹೇಗಿದ್ದವೆಂದು ಈಗ ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಸಂಸ್ಥಾನ ಉಳಿಸುತ್ತೇವೆಂದು ಖಾಕಿ ತೊಟ್ಟ ಪಡೆಯವರು ಬಂದೂಕು ಹಿಡಿದು ಊರೂರಿಗೆ ನುಗ್ಗುತ್ತಿದ್ದರು. ಕಾಳು ಒಯ್ದರು, ಬಣವೆ ಸುಟ್ಟರು. ನಿಂಗತ್ತಿಯ ಹಿರಿಯ ಮಗ ಮಲ್ಲಪ್ಪ ಕುರಿ ಕೊಡುವುದಿಲ್ಲ ಎಂದದ್ದಕ್ಕೆ ಅವನನ್ನು ದೊಡ್ಡಿಯ ಮುಂದೆಯೇ ಗುಂಡಿಟ್ಟು ಕೊಂದರು. ಗುಂಡು ಹೊಟ್ಟೆಗೆ ಬಿದ್ದಿತ್ತು. ಜೀವ ಹೋಗಲು ಸಂಜೆಯಾಯಿತು. ನಿಂಗತ್ತಿ ಅವನ ಹೊಟ್ಟೆಯನ್ನು ಸೆರಗಿನಿಂದ ಒತ್ತಿ ಹಿಡಿದು ಕೂತಿದ್ದಳು. ಅಳಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ಆಕೆ ಬೈಯದೆ ಇದ್ದುದೇ ನಮಗೆ ಹೆದರಿಕೆಯಾಗಿತ್ತು.

ಆಮೇಲೆ ದಿಲ್ಲಿಯ ಫೌಜು ಬಂತು. ಶಹಾಪುರದ ರಸ್ತೆಯಲ್ಲಿ ಲಾರಿಗಳು ಓಡಾಡಿದವು, ಖಾಕಿಯವರು ಬಟ್ಟೆ ಬದಲಿಸಿ ಓಡಿಹೋದರು. ಇನ್ನು ನೆಮ್ಮದಿ ಎಂದುಕೊಂಡೆವು. ಆದರೆ ಈಗ ಕೊಡಲಿ ನಮ್ಮವರ ಕೈಗೆ ಬಂದಿತ್ತು. ಓಡಿಹೋದವರು ಸಿಗದಿದ್ದರೆ ಅವರ ಜಾತಿಯವರಾದರೂ ಸಿಗಲಿ ಎಂಬ ಹುಚ್ಚು ಎದ್ದಿತು. ಪಕ್ಕದ ಊರಲ್ಲಿ ಸಾಬರ ಓಣಿಯ ಗಂಡಸರನ್ನು ಕಡಿದು ಬಾವಿಗೆ ಹಾಕಿ ಮನೆಗಳಿಗೆ ಬೆಂಕಿ ಇಟ್ಟರು. ಆ ಹೊಗೆ ನಮ್ಮ ಮಾಳಿಗೆಯಿಂದ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ನಮ್ಮೂರಲ್ಲೂ ಸುದ್ದಿ ಹಬ್ಬಿತು. ಓಡಿಹೋದವರು ತಮ್ಮ ಬಂದೂಕುಗಳನ್ನು ಪಿಂಜಾರ ಇಮಾಮಸಾಬನ ಹಗೇವಿನಲ್ಲಿ, ಅಂದರೆ ಕಾಳು ತುಂಬುವ ನೆಲದೊಳಗಿನ ಹೊಂಡದಲ್ಲಿ, ಹೂತಿಟ್ಟಿದ್ದಾರೆ ಎಂದು. ಕಂಡವರು ಯಾರೂ ಇಲ್ಲ, ಹೇಳುವವರು ಎಲ್ಲರೂ. ಇಮಾಮಸಾಬನ ಅಣ್ಣನ ಮಗ ಖಾಕಿ ತೊಟ್ಟಿದ್ದನೆಂಬುದು ನಿಜ. ಅಷ್ಟೇ ಸಾಕಾಯಿತು. ಗಂಡಸರು ಕೊಡಲಿ, ಭರ್ಚಿ, ಸೀಮೆಎಣ್ಣೆ ಹಿಡಿದು ಊರ ಅಗಸಿಬಾಗಿಲಲ್ಲಿ ಸೇರಿದರು. ಎಲ್ಲರಿಗಿಂತ ಮುಂದೆ ನಿಂಗತ್ತಿಯ ಕಿರಿಮಗ ಬೀರಪ್ಪ. ಅಣ್ಣನ ಹೆಣ ಹೊತ್ತವನು. ಅವನ ಕಣ್ಣು ಕೆಂಪಗಿದ್ದವು.

ನಿಂಗತ್ತಿ ಬಡಿಗೆ ಹಿಡಿದು ದಾರಿಗೆ ಅಡ್ಡ ನಿಂತಳು.

“ಸತ್ತವ ನನ್ನ ಮಗ. ಸೇಡು ನಂದು. ನನ್ನ ದಾಟಿ ಮುಂದ ಹೋಗಾಕ ನೀವ್ಯಾರು?”

ಆಕೆ ಅಲ್ಲೇ ಕಂಬಳಿ ಹಾಸಿ ಭಂಡಾರ ಸುರಿದಳು. ಮೊದಲು ಹುಡುಕಬೇಕು. ಬಂದೂಕು ಸಿಕ್ಕರೆ ಓಣಿಗೆ ತಾನೇ ಬೆಂಕಿ ಹಚ್ಚುತ್ತೇನೆ, ಸಿಗದಿದ್ದರೆ ಯಾರೂ ಆ ಕಡೆ ಕಾಲಿಡಬಾರದು ಎಂದಳು. ಒಬ್ಬೊಬ್ಬರೂ ಕೈಯ ಕಬ್ಬಿಣ ಪಕ್ಕಕ್ಕಿಟ್ಟು ಭಂಡಾರ ಮುಟ್ಟುವವರೆಗೆ ಬಿಡಲಿಲ್ಲ. ಮುಟ್ಟಿದ ಮೇಲೆ ಇನ್ನೊಂದು ಕರಾರು ಹಾಕಿದಳು: ಅವರ ಮನೆಗಳ ಜೊತೆ ಭಂಡಾರ ಮುಟ್ಟಿದವರ ಮನೆಗಳನ್ನೂ ಹುಡುಕಬೇಕು. ಜನ ಗೊಣಗಿದರು. ಕೈಗೆ ಹಳದಿ ಹತ್ತಿಯಾಗಿತ್ತು, ಮಾಡುವುದೇನು?

ಸಾಬರ ಒಳಮನೆಗೆ ಗಂಡಸರು ಬೇಡವೆಂದು ಆಕೆ ನನ್ನನ್ನು ಕರೆದುಕೊಂಡು ಹೋದಳು. ಇಮಾಮಸಾಬ ಬಾಗಿಲಲ್ಲೇ ನಿಂತಿದ್ದ. ನನ್ನ ಮದುವೆಯ ಗಾದಿಗೆ ಅರಳೆ ಹಿಂಜಿಕೊಟ್ಟವನು ಅವನೇ.

“ಬರ್ರಿ ಅಕ್ಕಾ, ಎಲ್ಲಾ ನೋಡ್ರಿ. ಅಣ್ಣನ ಮಗ ಮಾಡಿದ್ದು ಖರೇ ಅದ, ನಾ ಇಲ್ಲನ್ನಂಗಿಲ್ಲ” ಎಂದ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ನಾನು ಅರಳೆಯ ರಾಶಿಯೊಳಗೆ ತೋಳುದ್ದ ಕೈಹಾಕಿ ಹುಡುಕಿದೆ. ಅದರ ಹಿಂದೆ ಅವನ ಸೊಸೆ ಕೂಸನ್ನು ಅವುಚಿಕೊಂಡು ಕೂತಿದ್ದಳು. ಕೂಸು ಅಳದಿರಲೆಂದು ಬಾಯಿಗೆ ಸೆರಗು ತುರುಕಿದ್ದಳು. ಕೂಸಿನ ಮುಖ ನೀಲಿಯಾಗುತ್ತಿತ್ತು. ನಿಂಗತ್ತಿ ಆ ಸೆರಗನ್ನು ಕಿತ್ತೆಸೆದು, ತಾಯಿಯ ಕಪಾಳಕ್ಕೊಂದು ಕೊಟ್ಟು, ಕೂಸನ್ನು ಬೆನ್ನು ತಟ್ಟಿ ಅಳಿಸಿದಳು. ಆಮೇಲೆ ಅದೇ ಕೈಯಿಂದ ತೊಟ್ಟಿಲ ಕೆಳಗೆಲ್ಲ ತಡಕಾಡಿದಳು. ಓಣಿಯ ಮನೆಗಳಲ್ಲಿ ಈಳಿಗೆ, ಕುಡುಗೋಲು ಬಿಟ್ಟರೆ ಏನೂ ಸಿಗಲಿಲ್ಲ.

ಉಳಿದದ್ದು ಹಗೇವು. ಬಾಯಿ ತೆರೆದದ್ದೇ ಹುಡುಗರು ಇಳಿಯಲು ಹೊರಟರು. ನಿಂಗತ್ತಿ ಅವರ ಮೊಣಕಾಲಿಗೆ ಬಡಿಗೆ ಬೀಸಿದಳು. ಮುಚ್ಚಿದ ಹಗೇವಿನ ಗಾಳಿ ವಿಷ, ಉಸಿರು ಕಟ್ಟಿ ಸತ್ತವರನ್ನು ನಾವೆಲ್ಲ ಕಂಡವರೇ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟಳು. ದೀಪ ಪಕ್ಕನೆ ಆರಿತು. ಇನ್ನು ಗಾಳಿಯಾಡುವ ತನಕ ಕಾಯಬೇಕು. ಸುಮ್ಮನೆ ಕೂರುವುದೇಕೆ, ಅಷ್ಟರೊಳಗೆ ನಮ್ಮ ಕಡೆ ನೋಡೋಣ ಎಂದು ಎಬ್ಬಿಸಿದಳು. ಇಮಾಮಸಾಬನನ್ನೂ ಜೊತೆಗೆ ನಡೆಸಿದಳು.

ಶುರುಮಾಡಿದ್ದು ತನ್ನ ಮನೆಯಿಂದಲೇ. ಕುರಿದೊಡ್ಡಿಯ ಮೂಲೆಯಲ್ಲಿದ್ದ ಉಣ್ಣೆಯ ರಾಶಿಯನ್ನು ತೋರಿಸಿ, ತೆಗಿ ಎಂದು ಇಮಾಮಸಾಬನಿಗೆ ಹೇಳಿದಳು. ಅವನು ತೆಗೆದ. ಕೆಳಗೆ ಎಣ್ಣೆ ಸವರಿದ ಬಂದೂಕು, ತೋಟೆಗಳ ಚೀಲ. ಓಡುವ ಖಾಕಿಯವನೊಬ್ಬನಿಂದ ಬೀರಪ್ಪ ಕಸಿದುಕೊಂಡದ್ದಂತೆ. ಊರಲ್ಲಿದ್ದ ಬಂದೂಕು ಅದೊಂದೇ. ಅದು ನಮ್ಮವರ ಮನೆಯಲ್ಲಿತ್ತು.

ಬೀರಪ್ಪ ಹಾರಿ ಬಂದು ಕಸಿಯಲು ಹೋದ. ನಿಂಗತ್ತಿ ನಳಿಗೆ ಹಿಡಿದುಕೊಂಡಳು. ತಾಯಿ ಮಗ ಕುರಿ ಹಿಕ್ಕೆಯಲ್ಲಿ ಹೊರಳಾಡಿದರು. ಅವನು ಬಂದೂಕಿನ ಹಿಡಿಯಿಂದ ಆಕೆಯ ಭುಜಕ್ಕೆ ಹೊಡೆದ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಆಕೆ ಬಿಡಲಿಲ್ಲ. ಇನ್ನೊಮ್ಮೆ ದವಡೆಗೆ ಹೊಡೆದ. ಬಾಯಿಯಿಂದ ರಕ್ತ ಸುರಿದರೂ ಬಿಡಲಿಲ್ಲ.

“ನಿಮ್ಮ ಅಣ್ಣನ ಹೊಟ್ಟಿಗಿ ಬಿದ್ದದ್ದೂ ಇಂಥಾದ್ದೇ ಲೇ” ಎಂದಳು.

ಅವನ ಕೈ ಸಡಿಲಾಯಿತು. ನನ್ನ ಗಂಡ ಬಂದೂಕನ್ನು ಒರಳುಕಲ್ಲಿನ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಜಜ್ಜಿದರು. ಮುರಿದ ತೋಳು ಜೋತುಬಿದ್ದಿದ್ದರೂ ನಿಂಗತ್ತಿ ಹಗೇವಿನ ತನಕ ನಡೆದಳು, ದೀಪ ಆರದಿರುವುದನ್ನು ನೋಡಿಯೇ ಜನರನ್ನು ಇಳಿಸಿದಳು. ಒಳಗಿದ್ದದ್ದು ಜೋಳ. ಇಳಿದವರು ಮೀಸೆಗೆ ಹೊಟ್ಟು ಮೆತ್ತಿಕೊಂಡು ಮೇಲೆ ಬಂದರು, ಯಾರ ಮುಖವನ್ನೂ ನೋಡದೆ ಮನೆಗೆ ಹೋದರು. ಬೀರಪ್ಪ ಮನೆಗೂ ಹೋಗಲಿಲ್ಲ. ಸುರಪುರದ ಗುಡ್ಡದ ಕಡೆ ಕುರಿ ಕಾಯುತ್ತಾನೆಂದು ಒಮ್ಮೆ ಕೆಂಭಾವಿ ಸಂತೆಯಲ್ಲಿ ಯಾರೋ ಹೇಳಿದರು. ನಮ್ಮವರು ಹೋಗಿ ಹುಡುಕಿದರೂ ಸಿಗಲಿಲ್ಲ.

ವರ್ಷಗಳು ಕಳೆದು ನಿಂಗತ್ತಿ ಹಾಸಿಗೆ ಹಿಡಿದಳು. ಆ ಎಡದೋಳು ಮತ್ತೆ ಮೇಲೇಳಲೇ ಇಲ್ಲ. ಗಂಜಿ ಕುಡಿಸುತ್ತಿದ್ದಾಗ ಬಹಳ ದಿನದಿಂದ ಗಂಟಲಲ್ಲಿದ್ದುದನ್ನು ಕೇಳಿಬಿಟ್ಟೆ. ಬಂದೂಕು ಅಲ್ಲಿದೆಯೆಂದು ಆಕೆಗೆ ಮೊದಲೇ ಗೊತ್ತಿತ್ತೇ?

“ಹಿಂದಿನ ದಿನಾನೇ ನೋಡಿದ್ದೆ” ಎಂದಳು.

“ಮತ್ತ ಸುಮ್ಮನ ತಗದು ಬಾವಿಗಿ ಒಗೀಬೇಕಿತ್ತಲ್ರಿ ಅತ್ತಿ? ಬೀರಪ್ಪ ಮನ್ಯಾಗ ಉಳೀತಿದ್ದ.”

“ನಮ್ಮಲ್ಲಿ ಏನೂ ಸಿಗದಿದ್ರ ಆ ಕೊಡ್ಲಿ ಹಿಡದವ್ರೆಲ್ಲ ಹಗೇವಿನ ಮುಂದ ಅಷ್ಟೊತ್ತು ತಡೀತಿದ್ರೇನು? ಅವ್ರಿಗಿ ನಾಚಿಕಿ ಬೇಕಾಗಿತ್ತು. ಯಾರ ಮನೀದು ತರ್ಲಿ? ನಂದೇ ಇತ್ತು.”

ನನಗೆ ಅಳು ತಡೆಯಲಾಗಲಿಲ್ಲ. ಆಕೆ ಬೈಯಲಿಲ್ಲ. ಬೀರಪ್ಪ ಬಂದಾನೇನು ನೋಡು ಎಂದಳು. ಬಾಗಿಲಿಗೆ ಹೋಗಿ ನೋಡಿದೆ. ದಾರಿಯಲ್ಲಿ ಯಾರೂ ಇರಲಿಲ್ಲ. ಬರಾಕತ್ತಾನ್ರಿ ಎಂದೆ.

“ಹಂಗಾದ್ರ ಒಲಿ ಹಚ್ಚು. ಹಸದಿರ್ತಾನ” ಎಂದಳು.

ಒಲೆ ಹಚ್ಚಿದೆ, ಹಿಟ್ಟು ನಾದಿದೆ. ಮೊದಲ ರೊಟ್ಟಿ ಹಂಚಿನಿಂದ ಇಳಿಯುವಷ್ಟರಲ್ಲಿ ನಿಂಗತ್ತಿ ಹೋಗಿದ್ದಳು.