ಗೋಡೆಯ ಮೇಲಿನ ತೋಳ

ರಾಣೆಬೆನ್ನೂರಿನ ಶಾಲೆಯೊಂದರ ಕಾಂಪೌಂಡಿನ ಮೇಲೆ ನಾನು ಕೃಷ್ಣಮೃಗಗಳ ಹಿಂಡನ್ನು ಬಿಡಿಸಿದೆ. ನಮ್ಮ ಕಡೆ ಅವನ್ನು ಚಿಗರಿ ಅನ್ನುತ್ತಾರೆ. ಅವುಗಳ ಹಿಂದೆ ಒಂದು ತೋಳ, ಪಕ್ಕದಲ್ಲಿ ಕ್ಯೂಆರ್ ಕೋಡ್. ಅದಕ್ಕೆ ಫೋನ್ ಹಿಡಿದರೆ ತೋಳ ಕೂಗುತ್ತದೆ. ಕಾಡಿನ ಅಂಚಿನಲ್ಲಿ ಕಾದು ಕೂತು ನಾನೇ ರೆಕಾರ್ಡ್ ಮಾಡಿದ ಕೂಗು ಅದು. ಕೊನೆಯಲ್ಲಿ ನನ್ನದೊಂದು ಕೆಮ್ಮು ಸೇರಿಕೊಂಡಿತ್ತು. ತೆಗೆಯದೆ ಹಾಗೇ ಬಿಟ್ಟೆ.

ಕಾಡು ಉಳಿಯಬೇಕೆಂದು ಜನರಿಗೆ ಅನ್ನಿಸಲಿ ಎಂಬುದು ನನ್ನ ಆಸೆ. ಶಾಲೆಯ ಮಕ್ಕಳನ್ನು ಬಿಟ್ಟರೆ ಯಾರೂ ಅತ್ತ ತಿರುಗಿ ನೋಡಲಿಲ್ಲ. ಒಂದು ದಿನ ರೈತರೊಬ್ಬರು ಬೈಕ್ ನಿಲ್ಲಿಸಿ, ಕೂಗನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ನನಗೆ ಹಿಗ್ಗೋ ಹಿಗ್ಗು.

“ಭಾಳ ಛಲೋ ಐತ್ರಿ ಸರ. ಇದನ್ನ ಸ್ಪೀಕರಿಗೆ ಹಚ್ಚಿದ್ರ ಚಿಗರಿ ಹೊಲದಾಗ ಕಾಲಿಡಂಗಿಲ್ಲ. ಗೋವಿನಜೋಳ ಪೂರಾ ತಿಂದು ಹಾಳ ಮಾಡ್ಯಾವ.”

“ಅವು ಉಳೀಲಿ ಅಂತ ಮಾಡೇನ್ರಿ ಇದನ್ನ,” ಎಂದೆ, ಸಿಟ್ಟಿನಿಂದಲೇ.

“ಉಳೀಲಿ ಬಿಡ್ರಿ, ಯಾರು ಬ್ಯಾಡ ಅಂತಾರ? ನಮ್ಮ ಹೊಲದಾಗ ಬ್ಯಾಡ, ಅಷ್ಟ.”

ಅವರ ಬೆಳೆ ಹಾಳಾಗಿದ್ದೂ ನಿಜ. ನಾನು ಬೇಡ ಅಂದರೂ ಏನು, ಕೂಗು ಆಗಲೇ ಅವರ ಫೋನಿನಲ್ಲಿತ್ತು.

ಮೊನ್ನೆ ಹೊತ್ತು ಮುಳುಗುವಾಗ ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ರಸ್ತೆಯ ಮೇಲೆ ಚಿಗರಿಗಳ ಹಿಂಡು ಕಂಡು ಡ್ರೈವರ್ ಬ್ರೇಕ್ ಹಾಕಿದರು. ಅವು ಎಡಗಡೆಯ ಹೊಲ ನೋಡಿದವು, ಬಲಗಡೆಯ ಹೊಲ ನೋಡಿದವು, ಎತ್ತಲೂ ಇಳಿಯಲಿಲ್ಲ. ಎರಡೂ ಕಡೆಯ ಸ್ಪೀಕರುಗಳಲ್ಲಿ ತೋಳ ಕೂಗುತ್ತಿತ್ತು. ಕೂಗು ಮುಗಿದಾಗ, ಎರಡೂ ಕಡೆ ನಾನು ಕೆಮ್ಮಿದೆ.