ಇವರಿಗೆ ಉಳಿದ ಒಂದೇ ಮಾತು

ನನ್ನ ಗಂಡನಿಗೆ ಕಂಡಕಂಡದ್ದಕ್ಕೆಲ್ಲ ದೇವರಿಗೆ ಸ್ತೋತ್ರ ಹೇಳುವ ಚಟ. ಕ್ರೈಸ್ತರಾದ ನಾವು ಎದುರಾದವರಿಗೆ ನಮಸ್ಕಾರದ ಬದಲು ಸ್ತೋತ್ರ ಅನ್ನುವುದು ವಾಡಿಕೆ, ಅದಕ್ಕೆ ನನ್ನ ತಕರಾರಿಲ್ಲ. ಇವರದು ಅಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೆ ಸ್ತೋತ್ರ. ಹೋದ ಕರೆಂಟು ಬಂದರೆ ಸ್ತೋತ್ರ. ತಾರಿಹಾಳದ ವರ್ಕ್‌ಶಾಪಿನಲ್ಲಿ ಇವರು ಲೇಥ್ ಯಂತ್ರ ನಡೆಸುತ್ತಿದ್ದರು, ಅಲ್ಲಿ ಕೊರೆದ ಕಬ್ಬಿಣದ ತುಂಡು ಅಳತೆಗೆ ಸರಿಯಾಗಿ ಕೂತರೆ ಸ್ತೋತ್ರ. ಹೆಚ್ಚಿದ ಬದನೆಕಾಯಿಯಲ್ಲಿ ಹುಳ ಇಲ್ಲದಿದ್ದರೂ ಸ್ತೋತ್ರ.

"ದೇವ್ರಿಗೆ ಬ್ಯಾರೆ ಕೆಲಸ ಇಲ್ಲೇನ್ರಿ, ನಿಮ್ಮ ಬದನಿಕಾಯಿ ನೋಡ್ಕೋತ ಕುಂದರಾಕ?" ಅಂತ ನಾನು ರೇಗುತ್ತಿದ್ದೆ. ಇವರು ನಕ್ಕು ಅದಕ್ಕೂ ಒಂದು ಸ್ತೋತ್ರ ಹೇಳುತ್ತಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಚಹಾದ ಕಪ್ಪು ಇವರ ಬಲಗೈಯಿಂದ ಜಾರಿತು, ಬಾಯಿ ಓರೆಯಾಯಿತು. ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಅಂದರು. ಜೀವ ಉಳಿಯಿತು, ಮಾತು ಹೋಯಿತು. ಕೆಲವು ದಿನಗಳ ಮೇಲೆ ತುಟಿ ಅಲುಗಿ ಹೊರಬಂದದ್ದು ಒಂದೇ ಶಬ್ದ, ಸ್ತೋತ್ರ. ಮತ್ತೆ ಮತ್ತೆ ಅದೇ. ವಾರ್ಡಿನ ನರ್ಸ್ ಹುಡುಗಿ ನನ್ನ ಬಳಿ ಓಡಿ ಬಂದಳು. "ಅಮ್ಮಾರ, ಸ್ತೋತ್ರಾ ಅಂದ್ರ ನಿಮ್ಮ ಮಗಳೇನ್ರಿ? ಬಾಳ ನೆನಸಾಕತ್ತಾರ, ಲಗೂ ಕರಸ್ರಿ" ಅಂದಳು. ಅಷ್ಟು ದುಃಖದಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಬೈರಿದೇವರಕೊಪ್ಪದ ಮನೆಗೆ ಬಂದ ಮೇಲೆ ಆ ಒಂದು ಮಾತಿನಲ್ಲೇ ನಮ್ಮ ಸಂಸಾರ ನಡೆಯಿತು. ಚುಟುಕಾಗಿ ಅಂದರೆ ನೀರು ಬೇಕು. ಎಳೆದು ಅಂದರೆ ಫ್ಯಾನು ಹಾಕಬೇಕು. ಉಪ್ಪಿಲ್ಲದ ಗಂಜಿ ಮುಂದಿಟ್ಟಾಗ ತಾಟು ತಳ್ಳಿ "ಸ್ತೋತ್ರ!" ಅಂತ ಗದರಿದರು. ಇಷ್ಟು ಪವಿತ್ರವಾದ ಬೈಗುಳವನ್ನು ಬೇರೆ ಯಾವ ಹೆಂಡತಿಯೂ ತಿಂದಿರಲಿಕ್ಕಿಲ್ಲ. ಎದುರುಮನೆಯ ಲಿಂಗಾಯತರ ಅಜ್ಜಿ ಸಂಜೆ ಬಂದು ಕೂರುತ್ತಿದ್ದರು. ಇವರು ಸ್ತೋತ್ರ ಅಂದರೆ ಅಜ್ಜಿ ಕೈಮುಗಿದು "ಶರಣ್ರೀ ಯಪ್ಪಾ" ಅನ್ನುವರು. ಆ ಎರಡು ಮಾತಿನಲ್ಲೇ ಇಬ್ಬರೂ ಕತ್ತಲಾಗುವವರೆಗೆ ಹರಟೆ ಹೊಡೆಯುತ್ತಿದ್ದರು. ಆ ಅಜ್ಜಿಯ ಋಣ ನಾನು ತೀರಿಸಲಾರೆ.

ಒಂದು ದಿನ ನಮ್ಮ ಚರ್ಚಿನ ಸಭೆಯವರು ಪ್ರಾರ್ಥನೆಗೆಂದು ಮನೆಗೆ ಬಂದರು. ಹಾಡು ನಡೆದಿದ್ದಾಗ ಇವರು "ಸ್ತೋತ್ರ, ಸ್ತೋತ್ರ" ಅನ್ನತೊಡಗಿದರು. ಬಂದವರ ಕಣ್ಣು ತುಂಬಿದವು. "ನೋಡ್ರಿ, ಹಾಸಿಗಿ ಹಿಡದ್ರೂ ಹ್ಯಾಂಗ ಸ್ತುತಿ ಮಾಡಾಕತ್ತಾರ!" ಅಂದರು ಒಬ್ಬರು. ಎಲ್ಲರೂ ಚಪ್ಪಾಳೆ ತಟ್ಟುತ್ತ ಸ್ತೋತ್ರ, ಸ್ತೋತ್ರ ಅಂದರು. ಇವರ ದನಿ ಏರಿತು, ಬಂದವರ ದನಿಯೂ ಏರಿತು. ಪಾಪ, ಇವರಿಗೆ ತುರ್ತಾಗಿ ಬಚ್ಚಲಿಗೆ ಹೋಗಬೇಕಾಗಿತ್ತು. ಅದು ಗೊತ್ತಾದದ್ದು ನನಗೊಬ್ಬಳಿಗೇ. "ಸ್ವಲ್ಪ ಹಾದಿ ಬಿಡ್ರಿ" ಅಂತ ಎಲ್ಲರನ್ನೂ ಸರಿಸಿ ಇವರನ್ನು ಎಬ್ಬಿಸಿಕೊಂಡು ಹೋದೆ.

ಇವರಿಗೆ ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹೆಣ್ಣುಮಗಳಿಗೆ ಮರುದಿನ ಇದನ್ನು ನಗುತ್ತ ಹೇಳಿದೆ. ಆಕೆ ನಗಲಿಲ್ಲ. "ರೂಢಿ ಮಾತು ಒಮ್ಮೊಮ್ಮೆ ಹಿಂಗ ಉಳೀತಾವ್ರಿ. ಕೆಲವ್ರಿಗೆ ಬೈಗಳಾ ಉಳೀತಾವು. ಅರ್ಥ ತಿಳದ ಅಂತಾರ ಅಂತ ಹೇಳಾಕ ಬರಂಗಿಲ್ಲ" ಅಂದಳು.

ಆ ಮಾತು ನನ್ನ ಎದೆಗೆ ನಾಟಿತು. ಹಾಗಾದರೆ ಇಷ್ಟು ವರ್ಷ ಹೇಳಿದ್ದೂ ಬರೀ ರೂಢಿಯೇ? ಮೇಲೆ ಎಷ್ಟು ರೇಗಿದರೂ, ಇವರ ಸ್ತೋತ್ರ ಖರೇ ಅಂತ ಒಳಗೊಳಗೇ ನಂಬಿದ್ದೆ. ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡು ಅಂದರೆ ನಾನು ತಡವರಿಸುವವಳು. ಮನೆಯ ಪಾಲಿನ ಭಕ್ತಿಯನ್ನೆಲ್ಲ ಇವರಿಗೆ ಒಪ್ಪಿಸಿ ನಿಶ್ಚಿಂತಳಾಗಿದ್ದೆ.

ನಿಧಾನಕ್ಕೆ ಬೇರೆ ಮಾತು ಬಂದವು. "ನೀರು" ಬಂತು. "ಬ್ಯಾಡ" ಬಂತು. ನನ್ನ ಕಡೆ ಬೆರಳು ಮಾಡಿ "ಇಕಿ" ಅಂದ ದಿನ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಿದ್ದೇನೆ. ಆದರೆ ಹೊಸ ಮಾತು ಬಂದ ಹಾಗೆ ಹಳೆಯದು ಮಾಯವಾಗಿತ್ತು. ಕರೆಂಟು ಬಂದರೂ ಸುಮ್ಮನಿರುತ್ತಿದ್ದರು. ಅಜ್ಜಿ ಶರಣು ಅಂದರೆ ಬರೀ ತಲೆ ಆಡಿಸುತ್ತಿದ್ದರು. ಭಯವಾಗಿ ನಾನೇ "ಸ್ತೋತ್ರ ಅನ್ರಿ ನೋಡೂಣು" ಅಂದೆ. ಬಾಯಿ ತೆರೆದು ಹುಡುಕಿದರು, ಸಿಗಲಿಲ್ಲ, ಮುಖ ಗೋಡೆಯ ಕಡೆ ತಿರುಗಿಸಿದರು. ಮತ್ತೆಂದೂ ನಾನು ಕೇಳಲಿಲ್ಲ. ರೂಢಿಯೇ ಆಗಿದ್ದರೆ ಆಗಿರಲಿ, ಮನುಷ್ಯ ಉಳಿದಿದ್ದಾನಲ್ಲ ಅಂತ ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ ಅನ್ನುವುದೂ ನಿಜ.

ಮೊನ್ನೆ ಒಂದು ಭಾನುವಾರ ಇವರನ್ನು ಆರಾಧನೆಗೆ ಕರೆದುಕೊಂಡು ಹೋದೆ, ಕಾಯಿಲೆ ಬಿದ್ದ ಮೇಲೆ ಅದೇ ಮೊದಲು. ನಮ್ಮಲ್ಲಿ ಸಾಕ್ಷಿ ಹೇಳುವ ಹೊತ್ತು ಅಂತ ಇರುತ್ತದೆ, ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಎಲ್ಲರ ಮುಂದೆ ಹೇಳುವುದು. ಪಾಸ್ಟರ್ "ಯಾರರ ಹೇಳೋರು ಇದ್ದೀರೇನ್ರಿ?" ಅಂದದ್ದೇ ತಡ, ಇವರು ಮುಂದಿನ ಬೆಂಚು ಹಿಡಿದು ಎದ್ದರು.

"ಇಕಿ" ಅಂದರು. ಉಸಿರು ತೆಗೆದುಕೊಂಡರು. "ಇಕಿ ಸಲುವಾಗಿ."

ಕಾಯಿಲೆಯಾದಾಗಿನಿಂದ ಇವರು ಒಂದು ಶಬ್ದಕ್ಕೆ ಇನ್ನೊಂದನ್ನು ಜೋಡಿಸಿದ್ದೇ ಇರಲಿಲ್ಲ. ಹಣೆ ಬೆವರಿತು, ತುಟಿ ಒಂದೇ ಕಡೆ ಎಳೆಯಿತು. ಹಿಂದೆ ಕೂತ ಒಬ್ಬರು ನೆರವಾಗಲು "ಸ್ತೋ..." ಎಂದು ಶುರುಮಾಡಿದರು. ಇವರು ಕೈ ಎತ್ತಿ "ಬ್ಯಾಡ" ಅಂದರು. ಇಡೀ ಸಭೆ ಕಾದು ಕೂತಿತು. ಕಡೆಗೆ ಅಕ್ಷರಕ್ಕೆ ಅಕ್ಷರ ಹುಡುಕಿ ತಾವೇ ಹೇಳಿದರು.

"ಸ್ತೋ... ತ್ರ."

ನೀರು ಬೇಕಿರಲಿಲ್ಲ, ಫ್ಯಾನು ಬೇಕಿರಲಿಲ್ಲ. ನನ್ನ ಸಲುವಾಗಿ ದೇವರಿಗೆ ಹೇಳಿದ್ದರು, ತಿಳಿದೇ ಹೇಳಿದ್ದರು. ನನಗೆ ಅಳು ಬಂತು, ನಾಚಿಕೆಯೂ ಆಯಿತು. "ಸಾಕು, ಕುಂದರ್ರಿ, ಎಲ್ಲಾರೂ ನೋಡಾಕತ್ತಾರ" ಅಂತ ಅಂಗಿಯ ತೋಳು ಜಗ್ಗಿದೆ. ಇವರು ಕೂರಲಿಲ್ಲ. ಇನ್ನು ನಿನ್ನ ಸರದಿ ಅನ್ನುವಂತೆ ನನ್ನನ್ನೇ ನೋಡುತ್ತ ನಿಂತರು.

ನಾನು ಎದ್ದೆ. "ಇವರ ಸಲುವಾಗಿ" ಅಂದೆ. ಮುಂದಿನ ಅಕ್ಷರವನ್ನು ನಾನೂ ಇವರ ಹಾಗೆಯೇ ಹುಡುಕತೊಡಗಿದೆ.